250 ಲೀಟರ್ ಕಡಲಿಗೆ ಎಷ್ಟು ಆಳು?

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಹಿಡಿಯುವುದು ಸುಮಾರು 250 ಲೀಟರ್ ನೀರು. ಲೀಟರಿಗೆ 35 ಗ್ರಾಂನಂತೆ ಹೆಚ್ಚುಕಡಿಮೆ ಒಂಬತ್ತು ಕಿಲೋ ಅಕ್ವೇರಿಯಂ ಉಪ್ಪು ಕರಗಿಸಿದರೆ ಲೆಕ್ಕಕ್ಕೆ ಅದು ಕಡಲಾಯಿತು. ಮನೆಯೊಳಗೆ ಹವಳದ ದಿಬ್ಬ ಕಟ್ಟುವ ಆಸೆ ಹೊತ್ತವರು ಆಮೇಲೆ ಕೇಳುವ ಪ್ರಶ್ನೆ ಒಂದೇ: ಪಾಚಿ ಕೆರೆಯಲು, ಮೀನು ಬಿಟ್ಟ ಆಹಾರ ತಿನ್ನಲು, ಮರಳು ಕೆದಕಲು ಎಷ್ಟು ಪ್ರಾಣಿ ತಂದು ಬಿಡಬೇಕು? ಈ ಹವ್ಯಾಸದವರ ಹಳೆಯ ಲೆಕ್ಕ ಗ್ಯಾಲನ್ನಿಗೊಂದು. ಹಾಗಾದರೆ ಈ ತೊಟ್ಟಿಗೆ 66 ಜೀವ. ನಮ್ಮ ಕರಾವಳಿಯ ಕಿರಿಮಂಜೇಶ್ವರದಂಥ ಊರಿನ ಕಡಲನ್ನು ನೋಡಿದವರಿಗೆ ಈ ಲೆಕ್ಕ ಎರಡು ಕಡೆಯಿಂದಲೂ ತಪ್ಪೆಂದು ಹೊಳೆಯಬೇಕು. ಕಣ್ಣಿಗೆ ಕಾಣುವ ಆಳು ಅಷ್ಟೊಂದು ಬೇಡ. ಕಾಣದವರ ಸಂಖ್ಯೆಯ ಮುಂದೆ 66 ಏನೇನೂ ಅಲ್ಲ.

ಕಾಣದವರಿಂದಲೇ ಶುರು ಮಾಡೋಣ. ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ, ಅಂದರೆ ಹತ್ತಿಪ್ಪತ್ತು ಹನಿಯಲ್ಲಿ, ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. 250 ಲೀಟರ್ ಕಡಲ ನೀರಿಗೆ ಅದು 25,000 ಕೋಟಿ. ಭೂಮಿಯ ಮೇಲಿನ ಮನುಷ್ಯರು 800 ಕೋಟಿ ಚಿಲ್ಲರೆ. ಇದು ಬರೀ ನೀರಿನ ಲೆಕ್ಕ. ನಿಜವಾದ ಜನಸಂದಣಿ ಇರುವುದು ಮರಳಿನಲ್ಲಿ. ಜರ್ಮನಿಯ ಬ್ರೆಮೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಹೆಲಿಗೋಲ್ಯಾಂಡ್ ದ್ವೀಪದ ಬಳಿಯ ಕಡಲ ಮರಳನ್ನು ಒಂದೊಂದೇ ಕಾಳಾಗಿ ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು: ಒಂದು ಮರಳ ಕಾಳಿನ ಮೇಲೆ ಹತ್ತು ಸಾವಿರದಿಂದ ಒಂದು ಲಕ್ಷ ಬ್ಯಾಕ್ಟೀರಿಯಾ. ನಮ್ಮ ತೊಟ್ಟಿಯ ತಳಕ್ಕೆ ಒಂದಿಂಚು ದಪ್ಪ ಮರಳು ಹಾಸಿದರೆ ಹದಿನಾಲ್ಕು ಲೀಟರ್ ಮರಳು ಬೇಕು. ಕಾಳು ಅರ್ಧ ಮಿಲಿಮೀಟರಿನದೆಂದು ಇಟ್ಟುಕೊಂಡರೆ ಅದರಲ್ಲಿ ಹನ್ನೆರಡು ಕೋಟಿಗೂ ಹೆಚ್ಚು ಕಾಳುಗಳು. 2011ರ ಜನಗಣತಿಯ ಕರ್ನಾಟಕದ ಎರಡರಷ್ಟು! ಕಾಳಿಗೆ ಹತ್ತೇ ಸಾವಿರ ಹಿಡಿದರೂ, ಆ ಒಂದಿಂಚಿನ ಹಾಸು ಪಳಗಿದ ಮೇಲೆ ಅದರಲ್ಲಿ ಒಂದು ಲಕ್ಷ ಕೋಟಿಗೂ ಮಿಕ್ಕಿದ ಕೆಲಸಗಾರರಿಗೆ ಜಾಗವಿದೆ.

ಮೀನಿನ ಹೊಲಸಿನಿಂದ ಬರುವ ಅಮೋನಿಯ ವಿಷ. ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವವು ಈ ಬ್ಯಾಕ್ಟೀರಿಯಾಗಳಲ್ಲೇ ಕೆಲವು. ಹೊಸ ತೊಟ್ಟಿಯಲ್ಲಿ ಅವು ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಬಿಟ್ಟ ಬಸವನಹುಳು ಸಾಯುತ್ತದೆ, ಸತ್ತದ್ದು ಕೊಳೆತು ಅಮೋನಿಯ ಇನ್ನಷ್ಟು ಏರುತ್ತದೆ. ಶುಚಿ ಮಾಡಲೆಂದು ತಂದ ಜೀವವೇ ಹೊಲಸಾಗುವುದು ಹೀಗೆ.

ಇನ್ನು ಕಣ್ಣಿಗೆ ಕಾಣುವವರು. ಆಸ್ಟ್ರೇಲಿಯದ ಹೆರಾನ್ ದ್ವೀಪದ ಹವಳದ ದಿಬ್ಬದ ಮೇಲೆ ಡ್ರೋನ್ ಹಾರಿಸಿ ಸಮುದ್ರ ಸೌತೆ ಎಂಬ ಪ್ರಾಣಿಗಳನ್ನು ಎಣಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸಿಕ್ಕ ಅಂದಾಜು 30 ಲಕ್ಷ. ಅವು ಮರಳು ನುಂಗಿ, ಅದರಲ್ಲಿನ ಕೊಳೆ ಜೀರ್ಣಿಸಿಕೊಂಡು, ಶುಚಿಯಾದ ಮರಳನ್ನು ಹಿಂದಿನಿಂದ ಬಿಡುತ್ತವೆ. ವರ್ಷಕ್ಕೆ ಎಷ್ಟು? 64,000 ಟನ್ನಿಗೂ ಹೆಚ್ಚು. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ 6,400 ಲೋಡ್. ಇಷ್ಟು ಕೆಲಸ ಮಾಡುವುದು ಮೂಳೆ ಇಲ್ಲದ, ಮಿದುಳೂ ಇಲ್ಲದ ಒಂದು ಪ್ರಾಣಿ. ನಮ್ಮ ತೊಟ್ಟಿಯಲ್ಲಿರುವ ಮರಳು ಬರೀ ಇಪ್ಪತ್ತು ಕಿಲೋದಷ್ಟು. ಹೊಸ ಮರಳಿನಲ್ಲಿ ಕೊಳೆಯೇ ಇರುವುದಿಲ್ಲ, ಸೌತೆ ಅಲ್ಲಿ ಉಪವಾಸ ಬೀಳುತ್ತದೆ.

ಮೀನುಗಳ ಮೈಯ ಹುಳ ಆರಿಸಿ ತಿನ್ನುವ ಪುಟ್ಟ ನೀಲಿ ಪಟ್ಟೆಯ ಕ್ಲೀನರ್ ರಾಸ್ ಮೀನಿನ ಕತೆಯೂ ಇದೇ. ಅಂಗಡಿಯಲ್ಲಿ ನೋಡಿದ ಯಾರಿಗಾದರೂ ಅದು ಬೇಕೆನಿಸುತ್ತದೆ. ಅಲೆಕ್ಸಾಂಡ್ರಾ ಗ್ರಟರ್ ಎಂಬ ವಿಜ್ಞಾನಿ ಆಸ್ಟ್ರೇಲಿಯದ ಲಿಝರ್ಡ್ ದ್ವೀಪದಲ್ಲಿ ಕೂತು ಲೆಕ್ಕ ಹಾಕಿ 1996ರಲ್ಲಿ ಪ್ರಕಟಿಸಿದ್ದು ಇದು: ಈ ಮೀನು ಒಂದು ದಿನಕ್ಕೆ ತಪಾಸಣೆ ಮಾಡುವುದು 2,297 ಮೀನುಗಳನ್ನು, ತಿನ್ನುವುದು 1,218 ಪರಾವಲಂಬಿಗಳನ್ನು. ಐದು ಮೀನಿರುವ ತೊಟ್ಟಿಗೆ ಅದನ್ನು ತಂದವರು ಆ 1,218 ಎಲ್ಲಿಂದ ತರುತ್ತಾರೆ?

ಹಾಗೆಂದು ಶುಚಿ ಮಾಡುವವರು ಇಲ್ಲದೆಯೂ ನಡೆಯುತ್ತದೆ ಎಂದುಕೊಳ್ಳಬೇಡಿ. ಕೆರಿಬಿಯನ್ ಕಡಲಿನಲ್ಲಿ ಡಯಾಡೆಮಾ ಎಂಬ, ಉದ್ದ ಮುಳ್ಳಿನ ಕಪ್ಪು ಸೀ ಅರ್ಚಿನ್ ಪಾಚಿ ಮೇಯುತ್ತಿತ್ತು. 1983ರ ಜನವರಿಯಲ್ಲಿ ಪನಾಮಾದ ಬಳಿ ಅದಕ್ಕೆ ಕಾಯಿಲೆ ತಗುಲಿತು. ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಸುಮಾರು 35 ಲಕ್ಷ ಚದರ ಕಿ.ಮೀ. ಕಡಲಿಗೆ ಹಬ್ಬಿ, ತಗುಲಿದಲ್ಲೆಲ್ಲ ನೂರಕ್ಕೆ 93ಕ್ಕೂ ಹೆಚ್ಚು ಸತ್ತವು. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು, 1980ರಲ್ಲಿ ಚಂಡಮಾರುತವೂ ಬಡಿದಿತ್ತು. ಉಳಿದಿದ್ದ ಕೊನೆಯ ಆಳೂ ಹೋದ ಮೇಲೆ ಏನಾಯಿತೆಂದರೆ, 1977ರಲ್ಲಿ ದಿಬ್ಬದ ಶೇ. 52ರಷ್ಟನ್ನು ಹೊದ್ದಿದ್ದ ಜೀವಂತ ಹವಳ 1993ಕ್ಕೆ ಶೇ. 3ಕ್ಕೆ ಇಳಿಯಿತು. ಪಾಚಿ ಶೇ. 4ರಿಂದ ಶೇ. 92ಕ್ಕೆ ಏರಿತು. ನಾನು ಓದಿದ ಅಂಕಿಗಳಲ್ಲಿ ಇಷ್ಟು ಎದೆ ಝಲ್ಲೆನಿಸಿದ್ದು ಬೇರೆ ಇಲ್ಲ.

ಹಾಗಾದರೆ ತೊಟ್ಟಿಗೆ ಏನು ತರಬೇಕು? ಆರು ವಾರ ಕಳೆದು, ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು, ಗಾಜಿನ ಮೇಲೆ ಕಂದು ಪಾಚಿ ಕಂಡ ಮೇಲೆ ಬಸವನಹುಳುಗಳಲ್ಲಿ ಐದು ಸೆರಿತ್, ಮೂರು ನಸ್ಸೇರಿಯಸ್. ಅಷ್ಟೇ ಸಾಕು. ಸೆರಿತ್ ಗಾಜನ್ನೂ ಕೆರೆಯುತ್ತದೆ, ಮರಳನ್ನೂ ಕೆದಕುತ್ತದೆ. ನಸ್ಸೇರಿಯಸ್ ಹಗಲೆಲ್ಲ ಮರಳೊಳಗೆ ಹೂತಿರುತ್ತದೆ. ಒಂದು ಚೂರು ಚಟ್ಲಿ ನೀರಿಗೆ ಹಾಕಿ ನೋಡಿ: ಮೊದಲು ಮರಳ ಮೇಲೆ ಒಂದು ತೆಳು ನಳಿಕೆ ಏಳುತ್ತದೆ, ವಾಸನೆ ಬಂದ ದಿಕ್ಕಿಗೆ ಆಚೀಚೆ ತಿರುಗುತ್ತದೆ, ಮರುಗಳಿಗೆ ಇಡೀ ಹುಳು ಮರಳು ಸೀಳಿ ಹೊರಬಂದು ಅತ್ತ ಹೊರಡುತ್ತದೆ. ಸನ್ಯಾಸಿ ಏಡಿಗೆ ಆತುರ ಬೇಡ. ದೊಡ್ಡ ಚಿಪ್ಪು ಸಿಗದಿದ್ದರೆ ಅದು ಬಸವನಹುಳುವನ್ನೇ ಕೊಂದು ಅದರ ಚಿಪ್ಪಿಗೆ ನುಗ್ಗುತ್ತದೆ. ತಾಮ್ರವಿರುವ ಮೀನಿನ ಔಷಧಿಯನ್ನಂತೂ ತೊಟ್ಟಿಗೆ ಸೋಕಿಸಲೇಬೇಡಿ, ಇವೆಲ್ಲ ಅದರಿಂದ ಸಾಯುತ್ತವೆ.

ಉಪ್ಪು ಕರಗಿಸುವ ಬದಲು ಕಿರಿಮಂಜೇಶ್ವರದ ಕೊಡೇರಿ ಅಳಿವೆಯ ಹತ್ತಿರದಿಂದ ಕ್ಯಾನಿನಲ್ಲಿ ನೀರು ತರುವ ಯೋಚನೆ ಇದ್ದರೆ ಮಳೆಗಾಲದಲ್ಲಿ ಬೇಡ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆ ನಮ್ಮದು, ಹೊಳೆ ಸೇರುವಲ್ಲಿ ಕಡಲು ಆಗ ಸಪ್ಪೆ.

ಕೊನೆಯದಾಗಿ ಒಂದು ವಿನಂತಿ. ಕಿರಿಮಂಜೇಶ್ವರದಿಂದ ಬಡಗಿಗೆ, ಮುರ್ಡೇಶ್ವರದ ಎದುರು ಕಡಲಲ್ಲಿ, ನೇತ್ರಾಣಿ ದ್ವೀಪದ ಸುತ್ತ ನಿಜವಾದ ಹವಳದ ದಿಬ್ಬವಿದೆ. ಅಲ್ಲಿಂದಾಗಲಿ, ಬೇರೆ ಯಾವ ಬಂಡೆಯಿಂದಾಗಲಿ ಜೀವ ಕಿತ್ತು ತರಬೇಡಿ. ದಿಬ್ಬ ಕಟ್ಟುವ ಹವಳ, ಎಲ್ಲ ಜಾತಿಯ ಸಮುದ್ರ ಸೌತೆ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿವೆ. ಟ್ರೋಕಸ್, ಟರ್ಬೊ ಗುಂಪಿನ ಕೆಲವು ದೊಡ್ಡ ಬಸವನಹುಳುಗಳೂ ಅದರಲ್ಲಿವೆ. ಅಂಗಡಿಯವರು ಏನೇ ಕೊಟ್ಟರೂ ಯಾವ ಜಾತಿ, ಎಲ್ಲಿಂದ ಬಂತು ಎಂದು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ.