ಲೆಕ್ಕಪತ್ರಕ್ಕೆ ಜಾವಾಸ್ಕ್ರಿಪ್ಟ್: ಮಿತಿಯನ್ನರಿತು ಬಳಸುವುದು ಲೇಸು

ಬಿಲ್ಲು, ದಾಸ್ತಾನು, ಜಿಎಸ್‌ಟಿ ವಿವರಪಟ್ಟಿ ಇವೆಲ್ಲವನ್ನೂ ಅಂತರಜಾಲದ ಮೂಲಕ ನಿರ್ವಹಿಸುವ ತಂತ್ರಾಂಶಗಳತ್ತ ಸಣ್ಣ ಉದ್ಯಮಗಳೂ ಹೊರಳುತ್ತಿವೆ. ಇಂಥ ತಂತ್ರಾಂಶವನ್ನು ಮಾಡಿಸಿಕೊಳ್ಳುವಾಗ ವರ್ತಕರು ದರ ಮತ್ತು ಗಡುವನ್ನು ವಿಚಾರಿಸುತ್ತಾರೆಯೇ ಹೊರತು, ಅದನ್ನು ಯಾವ ಭಾಷೆಯಲ್ಲಿ ಬರೆಯಲಾಗುತ್ತದೆಂದು ಕೇಳುವುದು ವಿರಳ. ಅನೇಕ ವೇಳೆ ಆ ಭಾಷೆ ಜಾವಾಸ್ಕ್ರಿಪ್ಟ್ ಆಗಿರುತ್ತದೆ.

1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಸುಮಾರು 10 ದಿನಗಳಲ್ಲಿ ಇದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಬಳಕೆದಾರನ ಬ್ರೌಸರ್‌ನಲ್ಲಿ ಪುಟಗಳಿಗೆ ಚಲನೆ ನೀಡುವುದು, ನಮೂನೆಗಳನ್ನು ಪರಿಶೀಲಿಸುವುದು ಅದರ ಮುಖ್ಯ ಕೆಲಸವಾಗಿತ್ತು. 2009ರಲ್ಲಿ ರಯಾನ್ ಡಾಲ್ ಅವರು ನೋಡ್ ಜೆಎಸ್ ರೂಪಿಸಿದ ಬಳಿಕ ಇದೇ ಭಾಷೆ ಸರ್ವರ್‌ನಲ್ಲೂ ವ್ಯಾಪಕವಾಗಿ ಬಳಕೆಗೆ ಬಂದಿತು. ಎರಡೂ ಕಡೆಗೆ ಒಂದೇ ಭಾಷೆಯಾದ್ದರಿಂದ ಒಂದೇ ತಂಡ ಸಾಕು; ವೆಚ್ಚವೂ ಉಳಿಯುತ್ತದೆ. ಆದರೆ ಅಂಗಡಿಯ ಮುಂಗಟ್ಟಿಗೆ ಒಪ್ಪುವುದೆಲ್ಲ ತಿಜೋರಿಗೂ ಒಪ್ಪಬೇಕೆಂದಿಲ್ಲ.

ಪೈಸೆಯ ಲೆಕ್ಕ

ಮೊದಲನೆಯ ಮಿತಿ ಗಣಿತದ್ದು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು ದ್ವಿಮಾನ ಪದ್ಧತಿಯಲ್ಲಿ, 64 ಬಿಟ್‌ಗಳೊಳಗೆ ಸಂಗ್ರಹವಾಗುತ್ತವೆ. ಆ ಪದ್ಧತಿಯಲ್ಲಿ 0.1 ಎಂಬುದನ್ನು ನಿಖರವಾಗಿ ಬರೆಯಲಾಗದು. ಆದ್ದರಿಂದ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಭಾಷೆಯಲ್ಲಿರುವ ಸೌಲಭ್ಯದಿಂದಲೇ 1.005 ರೂಪಾಯಿಯನ್ನು ಎರಡು ದಶಮಾಂಶ ಸ್ಥಾನಕ್ಕೆ ಇಳಿಸಿದರೆ 1.01ರ ಬದಲು 1.00 ದೊರೆಯುತ್ತದೆ. ಒಂದು ಪೈಸೆ ಅಲ್ಪವೇ ಸರಿ. ಆದರೆ ಸಾವಿರಾರು ಬಿಲ್ಲುಗಳ ಮೊತ್ತ ಖಾತೆಯೊಡನೆ ತಾಳೆಯಾಗದಾಗ ವ್ಯತ್ಯಾಸವನ್ನು ಹುಡುಕುವ ಶ್ರಮ ಅಲ್ಪವಲ್ಲ.

ಈ ತೊಡಕು ಬೇರೆ ಭಾಷೆಗಳಲ್ಲಿಯೂ ಇದೆ. ಆದರೆ ಜಾವಾ, ಸಿ ಶಾರ್ಪ್ ಮುಂತಾದವುಗಳಲ್ಲಿ ಹಣದ ಲೆಕ್ಕಕ್ಕೆ ಒದಗುವ ದಶಮಾಂಶ ಸಂಖ್ಯೆಗಳ ವ್ಯವಸ್ಥೆ ಅಡಕವಾಗಿದ್ದು, ಜಾವಾಸ್ಕ್ರಿಪ್ಟ್‌ನಲ್ಲಿ ಅದಿಲ್ಲ. ಮೊತ್ತವನ್ನು ಪೈಸೆಗಳ ಪೂರ್ಣಾಂಕವಾಗಿ ಇಡುವುದು ಸುಲಭ ಪರಿಹಾರ. ಬ್ಯಾಂಕ್ ಖಾತೆ ಸಂಖ್ಯೆಯನ್ನು ಪಠ್ಯವಾಗಿಯೇ ಇಡಬೇಕು. ಏಕೆಂದರೆ 9007199254740991ನ್ನು ಮೀರಿದ ಸಾಮಾನ್ಯ ಸಂಖ್ಯೆಯ ಕೊನೆಯ ಅಂಕಿ ಬದಲಾಗಬಹುದು.

ಒಬ್ಬನೇ ಗುಮಾಸ್ತ

ನೋಡ್ ಜೆಎಸ್ ಕಾರ್ಯವಿಧಾನವನ್ನು ಚುರುಕಾದ ಒಬ್ಬನೇ ಗುಮಾಸ್ತನಿಗೆ ಹೋಲಿಸಬಹುದು. ಬ್ಯಾಂಕಿನಿಂದ ಉತ್ತರ ಬರುವವರೆಗೆ ಆತ ಸುಮ್ಮನೆ ಕೂರದೆ ಮುಂದಿನ ಗಿರಾಕಿಯನ್ನು ವಿಚಾರಿಸುತ್ತಾನೆ. ಆದರೆ ಒಬ್ಬರು ವರ್ಷದ ಖಾತೆಯನ್ನೆಲ್ಲ ಕೂಡಿಸಿಕೊಡಲು ಹೇಳಿದರೆ ಇಡೀ ಸಾಲು ಕಾಯಬೇಕು. ಜಿಎಸ್‌ಟಿಆರ್-1 ಸಲ್ಲಿಕೆಯ ಗಡುವಾದ 11ನೆಯ ತಾರೀಖಿನಂದು ಇಂಥ ತಡೆ ದುಬಾರಿಯಾದೀತು. ಭಾರೀ ಲೆಕ್ಕಗಳನ್ನು ಪ್ರತ್ಯೇಕ ಪ್ರಕ್ರಿಯೆಗೆ ವಹಿಸುವ ಸೌಲಭ್ಯಗಳಿವೆ. ಅವನ್ನು ಅಳವಡಿಸಲಾಗಿದೆಯೇ ಎಂಬುದೇ ಪ್ರಶ್ನೆ.

ಪರರ ಸರಕು

ನೋಡ್ ಜೆಎಸ್ ತಂತ್ರಾಂಶಗಳು ಇತರರು ಬರೆದ ನೂರಾರು ಕಿರುಭಾಗಗಳನ್ನು ಅವಲಂಬಿಸಿರುತ್ತವೆ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲುಗಳ ಭಾಗವನ್ನು ಅದರ ಕರ್ತೃ ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಅಸಂಖ್ಯ ತಂತ್ರಾಂಶಗಳ ನಿರ್ಮಾಣ ಕೆಲಸ ಸ್ಥಗಿತಗೊಂಡಿತು.

ವರ್ತಕರು ಗಮನಿಸಬೇಕಾದ ಅಂಶಗಳು

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾಲ್ಕು ವಿಷಯಗಳನ್ನು ಲಿಖಿತವಾಗಿ ಪಡೆಯುವುದು ಉಚಿತ: ಮೊತ್ತವನ್ನು ಪೈಸೆಗಳಲ್ಲಿ ಇಡಲಾಗುವುದೇ, ಬ್ರೌಸರ್‌ನಲ್ಲಿ ಪರಿಶೀಲಿಸಿದ ದರ, ರಿಯಾಯಿತಿಗಳನ್ನು ಸರ್ವರ್‌ನಲ್ಲಿ ಮತ್ತೊಮ್ಮೆ ಪರಿಶೀಲಿಸಲಾಗುವುದೇ, ಭಾರೀ ವರದಿಗಳು ಪ್ರತ್ಯೇಕವಾಗಿ ನಡೆಯುವುವೇ, ಹೊರಗಿನ ಭಾಗಗಳ ಪಟ್ಟಿ ಮತ್ತು ಅವುಗಳ ನವೀಕರಣದ ಹೊಣೆ ಯಾರದು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವುದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ ಎಂಬುದನ್ನೂ ಮರೆಯುವಂತಿಲ್ಲ.

ಜಾವಾಸ್ಕ್ರಿಪ್ಟ್ ತ್ಯಾಜ್ಯವೇನಲ್ಲ, ಮಿತಿಯನ್ನರಿತ ಕೈಯಲ್ಲಿ ಅದು ಉಪಯುಕ್ತ ಸಾಧನ. ಆದರೆ ಲೆಕ್ಕ ತಪ್ಪಿದಾಗ ನೋಟಿಸು ಬರುವುದು ತಂತ್ರಾಂಶ ಬರೆದವರಿಗಲ್ಲ, ವರ್ತಕರಿಗೆ.