ಕಂಪಾಲಾ: ರಕ್ತಸಾಕ್ಷಿಗಳ ನೆಲ, ಅರಸನ ಸಮಾಧಿ

ಯುಗಾಂಡಾದ ರಾಜಧಾನಿ ಕಂಪಾಲಾ ಗುಡ್ಡಗಳ ಮೇಲೆ ಹಬ್ಬಿದ ನಗರ. ಕ್ರೈಸ್ತ ಯಾತ್ರಿಕರಿಗೆ ಈ ಊರೆಂದರೆ ಮೊದಲು ನೆನಪಾಗುವುದು ನಾಮುಗೊಂಗೊ ಪುಣ್ಯಕ್ಷೇತ್ರ. ಆದರೆ ಯುಗಾಂಡಾದ ರಕ್ತಸಾಕ್ಷಿಗಳ ಚರಿತ್ರೆಯನ್ನು ಪೂರ್ತಿಯಾಗಿ ಅರಿಯಬೇಕಾದರೆ ನಾಲ್ಕು ಸ್ಥಳಗಳನ್ನು ನೋಡಬೇಕು.

ಮೊದಲನೆಯದು ವಿಕ್ಟೋರಿಯಾ ಸರೋವರದ ಬಳಿಯ ಮುನ್ಯೋನ್ಯೊ. 1886ರ ಮೇ ತಿಂಗಳಲ್ಲಿ ಬುಗಾಂಡಾದ ಅರಸ ಎರಡನೇ ಮ್ವಾಂಗಾ ತನ್ನ ಅರಮನೆಯ ಕ್ರೈಸ್ತ ಸೇವಕರಿಗೆ ಮರಣದಂಡನೆ ವಿಧಿಸಿದ್ದು ಇಲ್ಲಿ. ಅವರು ಅರಸನ ಅನೈತಿಕ ಬಯಕೆಗಳಿಗೆ ಒಪ್ಪಲಿಲ್ಲ, ವಿಶ್ವಾಸವನ್ನೂ ಬಿಡಲಿಲ್ಲ. ತೀರ್ಪಿನ ಮುನ್ನಾ ರಾತ್ರಿ ಚಾರ್ಲ್ಸ್ ಲ್ವಾಂಗಾರವರು ಬಾಲಕ ಕಿಜಿಟೊ ಮೊದಲಾದವರಿಗೆ ದೀಕ್ಷಾಸ್ನಾನ ನೀಡಿದರು.

ಎರಡನೆಯದು ನಾಮುಗೊಂಗೊ. ಜೂನ್ 3ರಂದು ಲ್ವಾಂಗಾ ಮತ್ತು ಸಂಗಡಿಗರನ್ನು ಇಲ್ಲಿ ಜೀವಂತ ಸುಡಲಾಯಿತು. ಸ್ಥಳೀಯ ಗುಡಿಸಲಿನ ಆಕಾರದ ಬೆಸಿಲಿಕಾದಲ್ಲಿ 22 ತಾಮ್ರದ ಕಂಬಗಳಿವೆ. 1964ರಲ್ಲಿ ಪೋಪ್ ಆರನೇ ಪೌಲರು ಸಂತರೆಂದು ಘೋಷಿಸಿದ 22 ಕಥೋಲಿಕ ರಕ್ತಸಾಕ್ಷಿಗಳನ್ನು ಅವು ನೆನಪಿಸುತ್ತವೆ. ಅದೇ ಕಾಲದಲ್ಲಿ ಆಂಗ್ಲಿಕನ್ ಸಭೆಯ 23 ಮಂದಿಯೂ ಪ್ರಾಣ ಕೊಟ್ಟರು. ಅವರ ಸ್ಮಾರಕವೂ ನಾಮುಗೊಂಗೊದಲ್ಲೇ ಇದೆ. ಅದನ್ನು ನೋಡದೆ ಮರಳಬಾರದು. 1969ರಲ್ಲಿ ಪೋಪ್ ಆರನೇ ಪೌಲರು, 1993ರಲ್ಲಿ ಎರಡನೇ ಜಾನ್ ಪಾವ್ಲರು, 2015ರಲ್ಲಿ ಫ್ರಾನ್ಸಿಸರು ಇಲ್ಲಿಗೆ ಯಾತ್ರೆ ಬಂದಿದ್ದರು.

ಮೂರನೆಯದು ರುಬಾಗಾ ಗುಡ್ಡ. ಹತ್ಯೆಗಳು ನಡೆದು ಮೂರೇ ವರ್ಷಗಳಲ್ಲಿ, 1889ರಲ್ಲಿ, ಈ ಜಾಗವನ್ನು ಮಿಷನರಿಗಳಿಗೆ ಕೊಟ್ಟವನು ಅದೇ ಮ್ವಾಂಗಾ! ಇಲ್ಲಿನ ಪ್ರಧಾನ ದೇವಾಲಯದ ಪ್ರತಿಷ್ಠಾಪನೆ 1925ರಲ್ಲಿ ನಡೆಯಿತು. 1939ರಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದ ಯುಗಾಂಡಾದ ಜೋಸೆಫ್ ಕಿವಾನುಕಾರವರ ಸಮಾಧಿಯೂ ಅಲ್ಲಿದೆ.

ಕೊನೆಯದು ಕಸೂಬಿ, ಬುಗಾಂಡಾದ ನಾಲ್ವರು ಅರಸರ ಸಮಾಧಿಸ್ಥಳ. ಹುಲ್ಲು ಹೊದಿಸಿದ ಈ ದೊಡ್ಡ ಮನೆ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು; 2010ರ ಮಾರ್ಚ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಪುನರ್ನಿರ್ಮಾಣದ ಬಳಿಕ 2023ರಲ್ಲಿ ಯುನೆಸ್ಕೊ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಯಿಂದ ತೆಗೆಯಿತು. ಇಂದಿಗೂ ಇದು ಬುಗಾಂಡಾ ಜನರ ಪವಿತ್ರ ಸ್ಥಳ. ಸಭ್ಯ ಉಡುಪು ಧರಿಸಿ, ಒಳಗೆ ಹೋಗುವಾಗ ಪಾದರಕ್ಷೆ ಕಳಚಬೇಕು.

ಮ್ವಾಂಗಾನ ಸಮಾಧಿಯೂ ಕಸೂಬಿಯಲ್ಲೇ ಇದೆ. ಬ್ರಿಟಿಷರು ಅವನನ್ನು ಸೆಶೆಲ್ಸ್ ದ್ವೀಪಗಳಿಗೆ ಗಡಿಪಾರು ಮಾಡಿದರು. ಅಲ್ಲಿ ಅವನು ಆಂಗ್ಲಿಕನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದು 1903ರಲ್ಲಿ ತೀರಿಕೊಂಡನು. 1910ರಲ್ಲಿ ಅವನ ಅಸ್ಥಿಗಳನ್ನು ತಾಯ್ನಾಡಿಗೆ ತರಲಾಯಿತು. ಕೊಲ್ಲಿಸಿದವನೂ ಕೊನೆಗೆ ಕ್ರಿಸ್ತನ ಹೆಸರಿನಲ್ಲಿಯೇ ಕಣ್ಣುಮುಚ್ಚಿದ. ನಾಮುಗೊಂಗೊದಲ್ಲಿ ರಕ್ತಸಾಕ್ಷಿಗಳಿಗೆ ಗೌರವ ಸಲ್ಲಿಸಿದ ಯಾತ್ರಿಕರು ಕಸೂಬಿಯಲ್ಲಿ ಅವನಿಗಾಗಿಯೂ ಒಂದು ಪ್ರಾರ್ಥನೆ ಹೇಳಿದರೆ ಯಾತ್ರೆ ಪೂರ್ಣವಾಗುತ್ತದೆ.