ದೇಶದ ಶಿಲ್ಕು, ದೇಶದ ಸಾಲ

ರೇಡಿಯೋದಲ್ಲಿ ‘ವಿದೇಶೀ ಪಾವತಿ ಶಿಲ್ಕು’ ಎಂಬ ಮಾತು ಬಂದರೆ ನಮ್ಮಲ್ಲನೇಕರು ಅದನ್ನು ಪಂಡಿತರಿಗೆ ಬಿಟ್ಟು ಹವಾಮಾನ ವರದಿಗಾಗಿ ಕಾಯುವುದುಂಟು. ಆದರೆ 1991ರಲ್ಲಿ ಈ ಶಿಲ್ಕಿನ ದೆಸೆಯಿಂದಲೇ ನಮ್ಮ ದೇಶದ ಚಿನ್ನ ವಿಮಾನವೇರಿ ಪರದೇಶಕ್ಕೆ ಹೋಯಿತು. ಮನೆಯ ಒಡವೆ ಮಾರವಾಡಿಯ ಅಂಗಡಿಗೆ ಹೋದಂತೆಯೇ ಸರಿ. ಅದು ಹೇಗಾಯಿತೆಂಬುದನ್ನು ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ನಿಮ್ಮ ಮನೆಯ ಜಮಾಖರ್ಚಿನ ಪುಸ್ತಕವನ್ನೇ ನೆನೆಯಿರಿ. ದೇಶಕ್ಕೂ ಅಂಥದೊಂದು ಪುಸ್ತಕವಿದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ, ಬೆಂಗಳೂರಿನ ಸಾಫ್ಟ್‌ವೇರ್, ಗಲ್ಫ್ ದೇಶಗಳಲ್ಲಿ ದುಡಿಯುವವರು ಮನೆಗೆ ಕಳುಹಿಸುವ ಹಣ, ಇವೆಲ್ಲ ಜಮಾ. ಪೆಟ್ರೋಲಿಯಂ, ಯಂತ್ರ, ಅಡಿಗೆಯ ಎಣ್ಣೆ, ಹಳೆಯ ಸಾಲದ ಬಡ್ಡಿ, ಇವೆಲ್ಲ ಖರ್ಚು. ಇದಕ್ಕೆ ಚಾಲ್ತಿ ಲೆಕ್ಕವೆಂದು ಹೆಸರು. ಇದರಲ್ಲಿ ಕೊರತೆ ಬಿದ್ದರೆ ಬಂಡವಾಳದ ಲೆಕ್ಕದಿಂದ ತುಂಬಬೇಕು: ಸಾಲ ತರಬೇಕು, ಇಲ್ಲವೇ ಹೊರಗಿನವರು ಇಲ್ಲಿ ಹಣ ಹೂಡಬೇಕು. ಅದೂ ಸಾಲದಾದರೆ ಕೂಡಿಟ್ಟ ಗಂಟಿಗೆ ಕೈ ಹಾಕಬೇಕು. ರೂಪಾಯಿ ನೋಟನ್ನು ನಮ್ಮ ಮೈಸೂರಿನಲ್ಲಿಯೇ ಅಚ್ಚು ಹಾಕುತ್ತಾರೆ. ಡಾಲರನ್ನು ಮಾತ್ರ ಗಳಿಸಬೇಕು, ಇಲ್ಲವೇ ಬೇಡಬೇಕು.

ಇಲ್ಲಿಯೇ ಒಂದು ಮೋಸ ಅಡಗಿದೆ. ಸಾಲವಾಗಿ ಬಂದ ಡಾಲರನ್ನೂ ಈ ವರ್ಷದ ಜಮಾ ಕಡೆಗೇ ಬರೆಯುತ್ತಾರೆ. ಆದ್ದರಿಂದ ಪುಸ್ತಕ ಯಾವಾಗಲೂ ಸರಿಹೋಗುತ್ತದೆ! ಯಾವುದರಿಂದ ಸರಿಹೋಯಿತೆಂಬುದೇ ನಾವು ಕೇಳಬೇಕಾದ ಪ್ರಶ್ನೆ. ಈ ವರ್ಷ ಜಮಾ ಆದದ್ದು ಸಾಲಪತ್ರದಲ್ಲಿ ಹೊಣೆಯಾಗಿ ಕುಳಿತಿರುತ್ತದೆ, ಮುಂದೆ ಅನೇಕ ವರ್ಷ.

ಹೊಣೆಗಳೂ ಒಂದೇ ಬಗೆಯವಲ್ಲ. ವಿದೇಶೀ ಕಂಪನಿ ಇಲ್ಲಿ ಕಾರ್ಖಾನೆ ಹಾಕಿದರೆ ಅದಕ್ಕೆ ವಾಯಿದೆಯಿಲ್ಲ. ಲಾಭ ಬಂದ ವರ್ಷ ಒಂದು ಪಾಲು ಹೊರಗೆ ಹೋಗುತ್ತದೆ. ಸಾಲದ ಬಡ್ಡಿಯಾದರೋ ಮಳೆ ಬಂದರೂ ಬಾರದಿದ್ದರೂ ಗೊತ್ತಾದ ದಿನಕ್ಕೆ ಸಲ್ಲಬೇಕು. ಯಾವ ನಾಣ್ಯದಲ್ಲಿ ತೀರಿಸಬೇಕೆಂಬುದೂ ಸಣ್ಣ ಮಾತಲ್ಲ. 1966ರ ಜೂನ್ 6ರಂದು ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು. ಒಂದು ಕೋಟಿ ಡಾಲರಿನ ಹಳೆಯ ಸಾಲವನ್ನು ತೀರಿಸಲು 4.76 ಕೋಟಿ ರೂಪಾಯಿ ಸಾಕಾಗಿದ್ದಲ್ಲಿ, ಒಂದು ಪೈಸೆ ಹೊಸ ಸಾಲ ಮಾಡದೆಯೇ ಏಳೂವರೆ ಕೋಟಿ ಬೇಕಾಯಿತು. ಅಮೆರಿಕದಿಂದ ರೂಪಾಯಿ ಲೆಕ್ಕದಲ್ಲಿ ತಂದ ಗೋಧಿಯ ಕತೆ ಬೇರೆ. ಅದರಿಂದ ಬೆಳೆದ ರೂಪಾಯಿ ರಾಶಿಯನ್ನು ಅವರು ಒಯ್ಯುವುದಾದರೂ ಎಲ್ಲಿಗೆ? 1974ರಲ್ಲಿ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಒಂದೇ ಚೆಕ್ಕನ್ನು ನಮ್ಮ ಸರ್ಕಾರಕ್ಕೇ ಬರೆದುಕೊಟ್ಟರು.

1991ಕ್ಕೆ ಬರೋಣ. ಆಗ ನಮ್ಮ ಒಟ್ಟು ವಿದೇಶೀ ಸಾಲ 8,300 ಕೋಟಿ ಡಾಲರಿಗೂ ಮಿಗಿಲು. ಆದರೆ ಕುತ್ತಿಗೆ ಹಿಡಿದದ್ದು ಆ ದೊಡ್ಡ ಮೊತ್ತವಲ್ಲ. ಅದರಲ್ಲಿ ಬಹುಪಾಲು ದೀರ್ಘಕಾಲದ್ದು. ಕೆಲವೇ ತಿಂಗಳ ವಾಯಿದೆಯ ಸಾಲ ಹಾಗೂ ಅನಿವಾಸಿಗಳ ಠೇವಣಿಗಳು ಹಿಡಿದವು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ತೈಲದ ಬೆಲೆ ಏರಿತು. ಕುವೈತಿನಲ್ಲಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು, ಅವರಲ್ಲಿ ನಮ್ಮ ಕರಾವಳಿಯವರೂ, ದುಡಿಮೆ ಬಿಟ್ಟು ಊರಿಗೆ ಮರಳಿದರು. ಅವರ ಮನಿಯಾರ್ಡರು ನಿಂತಿತು. ಅಳುಕಿದ ಠೇವಣಿದಾರರು ಹಣ ತೆಗೆದರು, ಸಾಲಿಗರು ವಾಯಿದೆ ಮುಂದುವರಿಸಲೊಲ್ಲರು. ಜುಲೈ 12ರಂದು ನಮ್ಮ ಬಳಿ ಉಳಿದಿದ್ದ ವಿದೇಶೀ ನಾಣ್ಯ 97.5 ಕೋಟಿ ಡಾಲರ್. ಕೆಲವು ವಾರಗಳ ಆಮದಿಗೂ ಅದು ಸಾಲದು.

ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕಿನ ಮೂಲಕ 20 ಟನ್ ಚಿನ್ನವನ್ನು, ಮರಳಿ ಕೊಳ್ಳುವ ಕರಾರಿನ ಮೇಲೆ, ಸ್ವಿಸ್ ಬ್ಯಾಂಕಿಗೆ ಮಾರಿದ್ದರು. ಜುಲೈಯಲ್ಲಿ ಇನ್ನೂ ಸುಮಾರು 47 ಟನ್ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಾಯಿತು. ದೊರೆತದ್ದು ಸುಮಾರು 40 ಕೋಟಿ ಡಾಲರ್. ಜನ ನೊಂದುಕೊಂಡರು, ಪತ್ರಿಕೆಗಳು ಕಿಡಿಕಾರಿದವು. ಆದರೂ ಆ ವರ್ಷ ಕಂತು ತಪ್ಪಲಿಲ್ಲ. ನನಗೆ ತೋರುವಂತೆ ಅವಮಾನ ಅಡವಿನದಲ್ಲ, ಅಲ್ಲಿಯವರೆಗೆ ಪುಸ್ತಕ ಸರಿಹೋಗುತ್ತಿದೆಯೆಂದು ಸುಮ್ಮನಿದ್ದುದರದು.

ಅಡವಿನ ಚಿನ್ನವನ್ನು ಬಿಡಿಸಿಕೊಂಡದ್ದಾಯಿತು. 2009ರಲ್ಲಿ ರಿಸರ್ವ್ ಬ್ಯಾಂಕು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಚಿನ್ನ ಕೊಂಡಿತು. ಅದಕ್ಕೆ ತೆತ್ತದ್ದು ಸುಮಾರು 670 ಕೋಟಿ ಡಾಲರ್, ಗಂಟಿನಿಂದ.